ಉಡುಗೆಯ ಹಿಂದಿನ ಕಾಯಕ



ಸೇಲಂ ಬಿಳಿ ರೇಷ್ಮೆ ಪಂಚೆಗೆ ಹೆಸರಾದ ಊರು. ಮದುವೆಗೆ ಹೊರಟಾಗ ಅಂಥ ಪಂಚೆಯುಟ್ಟು, ಗಡ್ಡ ಮೀಸೆ ತಿದ್ದಿಸಿ, ವಿಭೂತಿ ಧರಿಸುವುದು ಗಂಡಸರಿಗೆ ಭೂಷಣವೇ. ಆದರೆ ಆ ಅಂದ ಯಾರ ಕೈಯಿಂದ ಬಂತು?

ನೇಯ್ಗೆ ಜೇಡರ ದಾಸಿಮಯ್ಯನವರ ಕಾಯಕ. ಬಟ್ಟೆ ಮಡಿ ಮಾಡುವುದು ಮಡಿವಾಳ ಮಾಚಿದೇವರ ಕಾಯಕ. ಕ್ಷೌರಿಕ ಬಂಧುಗಳು ಗುರುವೆಂದು ನೆನೆಯುವ ಹಡಪದ ಅಪ್ಪಣ್ಣನವರು 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆ ಆಪ್ತರಾಗಿದ್ದರು. ಹೀಗಿರಲು ಕ್ಷೌರ ಮಾಡುವವರನ್ನು ಏಕವಚನದಲ್ಲಿ ಕರೆಯುವುದು, ಕೂಲಿಗೆ ಚೌಕಾಸಿ ಮಾಡುವುದು, "ಆ ಕೇರಿಯವರು ಕುಳಿತ ಕುರ್ಚಿಯಲ್ಲಿ ನಾವು ಕೂರುವುದಿಲ್ಲ" ಎನ್ನುವುದು, ಇವೆಲ್ಲ ಕೊರಳಿನ ಲಿಂಗಕ್ಕೆ ಮಾಡುವ ಅಪಚಾರ.

ಧರ್ಮಪುರಿಗೆ ಸಂತೆ ವ್ಯಾಪಾರಕ್ಕೆ ಹೋದಾಗ ಎಲ್ಲರೊಡನೆ ಸರದಿಯಲ್ಲಿ ಕುಳಿತು, "ಅಣ್ಣಾ" ಎಂದು ಕರೆದು, ಸಲ್ಲುವ ಕೂಲಿ ಕೊಟ್ಟು ಬನ್ನಿ. ಮಕ್ಕಳೂ ಅದನ್ನು ನೋಡಿ ಕಲಿಯಲಿ.