ಪೊಟ್ಟಣದ ಕಾಗದದಲ್ಲೊಂದು ಅರ್ಜಿ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವಾಗ ಸವಳಂಗದಲ್ಲಿ ಬಸ್ಸು ನಿಂತಿತು. ಅಲ್ಲಿ ಕೊಂಡ ಕಡಲೆಕಾಯಿ ಮುಗಿದ ಮೇಲೆ ಪೊಟ್ಟಣದ ಕಾಗದವನ್ನು ಬಿಡಿಸಿ ನೋಡಿದೆ. ಅದು ಯುವತಿಯೊಬ್ಬಳ ಉದ್ಯೋಗದ ಅರ್ಜಿ. ತಂದೆಯ ಹೆಸರು, ಜಾತಿ, ವಿಳಾಸ, ದೂರವಾಣಿ ಸಂಖ್ಯೆ ಎಲ್ಲವೂ ಅದರಲ್ಲಿದ್ದವು. 'ವಿವಾಹಿತರೆ? ಮಕ್ಕಳೆಷ್ಟು?' ಎಂಬ ಪ್ರಶ್ನೆಗೂ ಅಂದವಾದ ಅಕ್ಷರಗಳಲ್ಲಿ ಉತ್ತರವಿತ್ತು. ಆಕೆಗೆ ಕೆಲಸ ದೊರೆಯಿತೋ ಇಲ್ಲವೋ ತಿಳಿಯದು. ವ್ಯಾಪಾರಿಯನ್ನು ದೂರುವಂತಿಲ್ಲ; ಆತ ರದ್ದಿ ಕಾಗದವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವವನು.

ಆಕೆಯೇ ಒಪ್ಪಿ ಬರೆದುಕೊಟ್ಟಳಲ್ಲ ಎಂದು ಸಂಸ್ಥೆಯವರು ಹೇಳಬಹುದು. ಆದರೆ ಕೆಲಸ ಬೇಕಾದವರು ಯಾವ ಅಂಕಣವನ್ನು ಖಾಲಿ ಬಿಡಲು ಧೈರ್ಯ ಮಾಡಿಯಾರು? ಹಸಿವಿನಿಂದ ಹುಟ್ಟಿದ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎನ್ನಲು ನನ್ನ ಮನಸ್ಸು ಒಪ್ಪದು.

1991ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಕರಣವೊಂದು ಬಂದಿತ್ತು. ಜೀವ ವಿಮಾ ನಿಗಮವು ಮಹಿಳಾ ಅಭ್ಯರ್ಥಿಗಳಿಂದ ಋತುಚಕ್ರ, ಗರ್ಭಧಾರಣೆಗಳ ವಿವರವನ್ನೂ ಬರೆಸಿಕೊಳ್ಳುತ್ತಿತ್ತು. ಹೆರಿಗೆ ರಜೆ ಕೇಳಿದ ಹೊಸ ಉದ್ಯೋಗಿಯೊಬ್ಬರನ್ನು, ತಪ್ಪು ಮಾಹಿತಿ ನೀಡಿದರೆಂಬ ಕಾರಣಕ್ಕೆ ಕೆಲಸದಿಂದ ತೆಗೆಯಲಾಯಿತು. ನ್ಯಾಯಾಲಯವು ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಆ ಅಂಕಣಗಳನ್ನೇ ಕೈಬಿಡುವಂತೆ ನಿಗಮಕ್ಕೆ ಸೂಚಿಸಿತು. ಸತ್ಯ ನುಡಿಯಬೇಕೆಂದು ಮಕ್ಕಳಿಗೆ ಕಲಿಸುವ ನಮಗೆ ಇದು ಸುಲಭದ ಪ್ರಶ್ನೆಯಲ್ಲ. ಕೇಳಬಾರದುದನ್ನು ಕೇಳಿದವನಿಗೆ ನಿಜವನ್ನು ಮರೆಮಾಚಿದರೆ ಅದು ಸುಳ್ಳೇ? ಸುಳ್ಳೇ ಇರಬಹುದು, ಆದರೆ ಮೊದಲ ತಪ್ಪು ಕೇಳಿದವನದು ಎಂದೇ ನನಗನಿಸುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಇದೆ. ಆದರೆ ಅದು ಗಣಕಯಂತ್ರಕ್ಕೆ ಸೇರಿದ ವಿವರಗಳಿಗಷ್ಟೇ ಅನ್ವಯ; ಕಡಲೆಕಾಯಿ ಪೊಟ್ಟಣವು ಅದರ ವ್ಯಾಪ್ತಿಗೆ ಬಾರದು!

ಎಲ್ಲ ಪ್ರಶ್ನೆಗಳೂ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಶಾಲಾ ವಾಹನ ಓಡಿಸುವವನ ದೃಷ್ಟಿ ಹೇಗಿದೆ, ಮಕ್ಕಳ ನಡುವೆ ಇರುವವನ ಹಿನ್ನೆಲೆ ಏನು ಎಂದು ಕೇಳಲೇಬೇಕು. ಯಾವ ಕೆಲಸಕ್ಕೆ ಜನ ಬೇಕು, ಅದಕ್ಕೆ ಏನು ತಿಳಿದಿರಬೇಕು ಎಂದು ಮೊದಲು ಕುಳಿತು ಯೋಚಿಸಿದರೆ ಅರ್ಜಿಯ ಅರ್ಧ ಅಂಕಣಗಳು ತಾವಾಗಿಯೇ ಬಿದ್ದುಹೋಗುತ್ತವೆ. ಹಳೆಯ ನಮೂನೆಯನ್ನೇ ಜೆರಾಕ್ಸ್ ಮಾಡಿಸುವ ಅಭ್ಯಾಸ ನಮ್ಮ ಶಾಲೆ, ಆಸ್ಪತ್ರೆಗಳಲ್ಲೂ ಉಂಟು. ಆಯ್ಕೆಯಾಗದವರ ಅರ್ಜಿಗಳು ನಮ್ಮ ಕಪಾಟುಗಳಿಂದ ಎಲ್ಲಿಗೆ ಹೋಗುತ್ತವೆಂದು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಯಾರಾದರೂ ಕೇಳಬೇಕು. ಆ ಕಾಗದವನ್ನು ನಾನು ಚೂರುಚೂರಾಗಿ ಹರಿದು ಹಾಕಿದೆ. ಅದೇ ಕಟ್ಟಿನ ಉಳಿದ ಹಾಳೆಗಳು ಅಷ್ಟು ಹೊತ್ತಿಗೆ ಬೇರೆ ಪ್ರಯಾಣಿಕರ ಕೈಸೇರಿದ್ದವು.