ದೂರದವರಿಗೆ ದೂರದ ಬಾಗಿಲು

ವಾಷಿಂಗ್ಟನ್ನಿನ ನ್ಯಾಷನಲ್ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡಂತಿದೆ. 1962ರಲ್ಲಿ ಶುರುವಾದ ಡಲೆಸ್ ಊರಾಚೆ ಇದೆ. ಹತ್ತಿರದ್ದು ಇರುವಾಗ ದೂರದ್ದಕ್ಕೆ ಯಾರು ಹೋಗುತ್ತಾರೆ? ಹಾಗಾಗಿ 1966ರಲ್ಲಿ ನ್ಯಾಷನಲ್‌ಗೆ ಗೆರೆ ಎಳೆದರು: ಕೆಲವು ಊರುಗಳನ್ನು ಬಿಟ್ಟರೆ, ಅಲ್ಲಿಂದ ನೇರ ವಿಮಾನ 650 ಮೈಲಿ ದಾಟುವಂತಿಲ್ಲ. 1986ರ ಕಾನೂನು ಅದನ್ನು 1250 ಮೈಲಿಗೆ ಏರಿಸಿತು. ನ್ಯೂಯಾರ್ಕಿನ ಲಾಗಾರ್ಡಿಯಾದಲ್ಲಿ ಮಿತಿ 1500 ಮೈಲಿ. ಶನಿವಾರಕ್ಕೂ ಡೆನ್ವರ್ ನಗರಕ್ಕೂ ವಿನಾಯಿತಿ. ಶನಿವಾರ ಹಾರಬಲ್ಲ ವಿಮಾನ ಸೋಮವಾರವೂ ಹಾರಬಲ್ಲದು. ಅಂದರೆ ಇದು ಯಂತ್ರದ ಮಿತಿಯಲ್ಲ, ಮನುಷ್ಯರ ತೀರ್ಮಾನ.

ಈ ತೀರ್ಮಾನ ನ್ಯಾಯವೇ? ಊರು ಬಿಟ್ಟು ದೂರ ಬಂದು ದುಡಿಯುವ ನನಗೆ ಮೊದಲು ಸಿಟ್ಟೇ ಬರುತ್ತದೆ. ಮೊದಲೇ ದೂರ ಇರುವವನನ್ನು ಇನ್ನಷ್ಟು ದೂರ ಕಳಿಸುವುದೇಕೆ? ಆದರೆ ಇನ್ನೊಂದು ಲೆಕ್ಕವಿದೆ. ನ್ಯಾಷನಲ್‌ನಲ್ಲಿ ಗಂಟೆಗೆ ಇಷ್ಟೇ ವಿಮಾನ ಎಂಬ ಕಟ್ಟುಪಾಡಿದೆ. ಗೆರೆ ಅಳಿಸಿದರೆ ಲಾಭ ತರುವ ದೂರದ ಮಹಾನಗರದ ವಿಮಾನ ಬರುತ್ತದೆ, ಹತ್ತಿರದ ಸಣ್ಣ ಊರಿನ ವಿಮಾನ ಜಾಗ ಕಳೆದುಕೊಳ್ಳಬಹುದು. ನಾನು ಸಣ್ಣ ಊರಿನವನೂ ಹೌದಲ್ಲ! ಇಲ್ಲಿ ನನ್ನ ಸಿಟ್ಟು ಇಳಿಯುತ್ತದೆ.

ನನ್ನನ್ನು ಕಾಡುವುದು ಗೆರೆಯಲ್ಲ, ಅದರಲ್ಲಿನ ಕಿಂಡಿಗಳು. 2000ದಿಂದ ಅಮೆರಿಕದ ಸಂಸತ್ತು ಗೆರೆಯಾಚೆಗೂ ಒಂದಿಷ್ಟು ವಿಮಾನಗಳನ್ನು ಬಿಡುತ್ತಲೇ ಬಂದಿದೆ, 2024ರಲ್ಲೂ ಬಿಟ್ಟಿತು. ನ್ಯಾಷನಲ್‌ನಿಂದ ಊರಿಗೆ ಹಾರುವವರಲ್ಲಿ ಆ ಸಂಸದರೂ ಇದ್ದಾರೆ. ಪ್ರಾಜೆಕ್ಟ್ ನಡೆಸುವ ನನಗೆ ಇದು ಪರಿಚಿತ ರೋಗ: ನಿಯಮ ಎಲ್ಲರಿಗೂ, ವಿನಾಯಿತಿ ಮಾತ್ರ ದೊಡ್ಡ ದನಿ ಇದ್ದವರಿಗೆ.

ನಮ್ಮಲ್ಲಿ ಕಿಂಡಿ ಇಡಲಿಲ್ಲ, ಬಾಗಿಲನ್ನೇ ಹಾಕಿದರು. ಹೊಸ ನಿಲ್ದಾಣಗಳ ಒಪ್ಪಂದದಂತೆ 2008ರಲ್ಲಿ ಹೈದರಾಬಾದಿನ ಬೇಗಂಪೇಟೆಯೂ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೂ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿದವು. ನಿಯಮಿತ ವಿಮಾನ ಹತ್ತುವವರೆಲ್ಲ ಊರಾಚೆಗೇ ಹೋಗಬೇಕಾಯಿತು. ಆದರೆ ಸ್ವಂತ ವಿಮಾನ ಉಳ್ಳವರಿಗೆ ಹಳೆಯ ರನ್‌ವೇ ತೆರೆದೇ ಇತ್ತು. ಕಿಂಡಿ ಇಲ್ಲಿಯೂ ಇತ್ತೆನ್ನಿ.

ಡಲ್ಲಾಸಿನ ಲವ್ ಫೀಲ್ಡ್‌ಗೂ ಇಂಥದೇ ನಿರ್ಬಂಧವಿತ್ತು. 2006ರಲ್ಲಿ ಎಂಟು ವರ್ಷದ ಗಡುವು ಇಟ್ಟು, 2014ರಲ್ಲಿ ತೆಗೆದರು. ನನಗೆ ಒಪ್ಪಿತವಾಗುವುದು ಈ ರೀತಿ. ಎಲ್ಲರ ಒಳಿತಿಗೆ ನನ್ನ ಅನುಕೂಲ ಕೇಳಿ, ಕೊಡುತ್ತೇನೆ. ಆದರೆ ಯಾಕೆ, ಎಲ್ಲಿಯವರೆಗೆ ಎಂದು ಹೇಳಿ. ಕೇಳಿದವರೂ ಅದೇ ಸಾಲಿನಲ್ಲಿ ನಿಲ್ಲಲಿ.