ಸಮಾನರಲ್ಲಿ ಶಿಷ್ಯಭಾವ

ಶಾರದೆಯನ್ನು ಪುಸ್ತಕರೂಪದಲ್ಲಿ ಪೂಜಿಸುವ ನವರಾತ್ರಿಯ ದಿನಗಳಲ್ಲಿ ಗುರುಸ್ಮರಣೆ ಸಹಜವಾದುದು. ಗುರುವಿನ ಮುಂದೆ ತಲೆಬಾಗುವುದು ಈ ನಾಡಿನವರಿಗೆ ಕಷ್ಟವಲ್ಲ. ಅದು ಮನೆಯಲ್ಲೇ ಬಂದ ಸಂಸ್ಕಾರ. ಕಿರಿಯರಿಂದ ಕಲಿಯುವುದೂ ಅಷ್ಟೇನೂ ಕಷ್ಟವಲ್ಲ. ಅದರಲ್ಲಿ ವಾತ್ಸಲ್ಯದ ಸುಖವಿದೆ. ಆದರೆ ತನ್ನಷ್ಟೇ ವಯಸ್ಸಿನ, ತನ್ನದೇ ವೃತ್ತಿಯ, ಪಕ್ಕದ ಬೀದಿಯಲ್ಲಿ ಅದೇ ಪಾಠವನ್ನು ಹೇಳುವ ಇನ್ನೊಬ್ಬನ ಬಳಿಗೆ ಹೋಗಿ, ‘ಇದು ತಿಳಿಯದು, ತಿಳಿಸಿಕೊಡಿ’ ಎಂದು ಕೇಳುವುದು ಸುಲಭವೆ? ಅಹಂಕಾರಕ್ಕೆ ನಿಜವಾದ ಪರೀಕ್ಷೆ ಇಲ್ಲಿದೆ. ಯೋಗವನ್ನು ಬೋಧಿಸುವವನಿಗಂತೂ ಈ ಪರೀಕ್ಷೆ ಮತ್ತಷ್ಟು ತೀಕ್ಷ್ಣ. ಏಕೆಂದರೆ ಪತಂಜಲಿ ಮಹರ್ಷಿಗಳು ಎಣಿಸಿದ ಐದು ಕ್ಲೇಶಗಳಲ್ಲಿ ಅಸ್ಮಿತೆಯೂ ಒಂದು. ಅದನ್ನು ಕರಗಿಸುವ ವಿದ್ಯೆಯನ್ನು ಕಲಿಸುವವನೇ ಅದನ್ನು ಪೋಷಿಸಿಕೊಂಡರೆ ವಿದ್ಯೆಗೆ ಅರ್ಥವೇನು?

ಛಾಂದೋಗ್ಯೋಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಇದಕ್ಕೊಂದು ಉಜ್ವಲವಾದ ನಿದರ್ಶನವಿದೆ. ವೇದಪಾರಂಗತರಾದ ಐವರು ಮಹಾಗೃಹಸ್ಥರು ಆತ್ಮವೆಂದರೇನೆಂದು ಚರ್ಚಿಸಿ, ಬಗೆಹರಿಯದೆ ಉದ್ದಾಲಕ ಆರುಣಿಯ ಬಳಿಗೆ ಬಂದರು. ಮುಂದಿನ ಅಧ್ಯಾಯದಲ್ಲಿ ಮಗನಾದ ಶ್ವೇತಕೇತುವಿಗೆ ಪರಮತತ್ತ್ವವನ್ನು ಬೋಧಿಸುವ ಆಚಾರ್ಯನು ಈತನೇ. ಆದರೆ ಆ ದಿನ ಆತನು, ಇವರು ಕೇಳುವುದಕ್ಕೆಲ್ಲ ತಾನು ಉತ್ತರಿಸಲಾರೆನೆಂದು ಮನಗಂಡು, ಕೇಕಯದೇಶದ ರಾಜನಾದ ಅಶ್ವಪತಿಯ ಹೆಸರನ್ನು ಸೂಚಿಸಿದನು. ಬಂದವರನ್ನು ಅಲ್ಲಿಗೆ ಕಳುಹಿಸಿ ತಾನು ಮನೆಯಲ್ಲಿ ಕುಳಿತನೆ? ಇಲ್ಲ. ತಾನೂ ಅವರೊಡನೆ ಹೊರಟನು. ಮರುದಿನ ಬೆಳಗ್ಗೆ ಆರು ಮಂದಿ ಆಚಾರ್ಯರೂ ಸಮಿತ್ತನ್ನು ಹಿಡಿದು, ಬಾಲಬ್ರಹ್ಮಚಾರಿಗಳಂತೆ ರಾಜನ ಮುಂದೆ ನಿಂತರು. ರಾಜನಾದರೋ ಅವರಿಗೆ ಉಪನಯನವನ್ನು ಮಾಡದೆಯೇ, ಶಿಷ್ಯರೆಂದು ಮುದ್ರೆಯೊತ್ತದೆಯೇ ಬೋಧಿಸಿದನು. ಕೇಳುವವರ ವಿನಯ ಎಷ್ಟು ದೊಡ್ಡದೋ ಹೇಳುವವನ ಸೌಜನ್ಯವೂ ಅಷ್ಟೇ ದೊಡ್ಡದು.

ರಾಜನು ಒಬ್ಬೊಬ್ಬರನ್ನೂ ‘ನೀನು ಯಾವುದನ್ನು ಉಪಾಸಿಸುವೆ?’ ಎಂದು ಕೇಳಿದಾಗ ಒಬ್ಬನು ದ್ಯುಲೋಕವೆಂದನು, ಒಬ್ಬನು ಸೂರ್ಯನೆಂದನು, ವಾಯು, ಆಕಾಶ, ಜಲ ಎಂದರು ಉಳಿದ ಮೂವರು, ಉದ್ದಾಲಕನು ಪೃಥಿವಿಯೆಂದನು. ಯಾವುದೂ ಸುಳ್ಳಲ್ಲ. ಆದರೆ ಒಂದು ವೈಶ್ವಾನರನ ಶಿರಸ್ಸು, ಒಂದು ಕಣ್ಣು, ಒಂದು ಪ್ರಾಣ, ಒಂದು ಪಾದ. ಅಂಗವೊಂದನ್ನೇ ಪೂರ್ಣಪುರುಷನೆಂದು ಭಾವಿಸಿದ್ದೇ ಅವರ ಕೊರತೆ.

ಈ ಉಪನಿಷದ್ವಾಕ್ಯದ ಸತ್ಯವನ್ನು ಕನ್ನಡನಾಡಿನ ಯೋಗಪರಂಪರೆಯಲ್ಲಿಯೇ ಕಾಣಬಹುದು. 1888ರಲ್ಲಿ ಚಿತ್ರದುರ್ಗ ಸೀಮೆಯಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿ ಬರೆದರು. ಯೋಗಶಾಲೆ ಮುಚ್ಚಿದ ಮೇಲೆ ಮದರಾಸಿನಲ್ಲಿ ನೆಲೆಸಿ, 1989ರಲ್ಲಿ ನೂರು ವರ್ಷ ತುಂಬಿದ ಬಳಿಕ ದೇಹವನ್ನು ತೊರೆದರು. ಅವರಿಂದ ಕಲಿತವರಲ್ಲಿ ಮೂವರನ್ನು ನೆನೆದರೆ ಸಾಕು. ಹಾಸನದ ಬಳಿಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಉಸಿರಿನ ಲೆಕ್ಕಕ್ಕೆ ಚಲನೆಯನ್ನು ಹೆಣೆದ, ಕ್ರಮ ತಪ್ಪದ ವಿನ್ಯಾಸವನ್ನು ಮೈಸೂರಿನಲ್ಲಿ ಕಲಿಸಿದರು. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು 1937ರಲ್ಲಿ, ಹದಿನೆಂಟರ ಹರೆಯದಲ್ಲಿ ಪುಣೆಗೆ ಬಂದು, ಅಲ್ಲಿಯೇ ನೆಲೆಯೂರಿ, ಒಂದೊಂದು ಆಸನದ ಸೂಕ್ಷ್ಮ ಸ್ಥಿತಿಯನ್ನು ಶೋಧಿಸಿದರು. ಹಗ್ಗ, ಮರದ ತುಂಡು, ಕುರ್ಚಿಗಳ ನೆರವಿನಿಂದ ಅಶಕ್ತರಿಗೂ ಆಸನವನ್ನು ಎಟುಕಿಸಿದರು. ಆಚಾರ್ಯರ ಪುತ್ರರಾದ ದೇಶಿಕಾಚಾರ್ಯರು ಇಂಜಿನಿಯರಿಂಗ್ ಓದಿದವರು. 1976ರಲ್ಲಿ ಮದರಾಸಿನಲ್ಲಿ ಯೋಗಮಂದಿರವನ್ನು ಸ್ಥಾಪಿಸಿ, ವ್ಯಕ್ತಿಯ ವಯಸ್ಸು, ಆರೋಗ್ಯ, ಸ್ವಭಾವಗಳಿಗೆ ತಕ್ಕಂತೆ ಅಭ್ಯಾಸವನ್ನು ಅಳವಡಿಸುವ ಮಾರ್ಗವನ್ನು ಮುಂದುವರಿಸಿದರು.

ಗುರು ಒಬ್ಬರೇ, ಪಾಠ ಮೂರು ಬಗೆ. ಇದರಲ್ಲಿ ಯಾವುದು ನಿಜ ಎಂದು ಜಗಳವಾಡುವವರುಂಟು. ಆದರೆ ಶಿಷ್ಯನಿಗೆ ತಕ್ಕ ಪಾಠ ಎಂಬುದೇ ಗುರುವಿನ ಧರ್ಮವಾದರೆ, ಒಬ್ಬ ಶಿಷ್ಯನಿಗೆ ದೊರೆತದ್ದು ಗುರುವಿನ ಸರ್ವಸ್ವವಲ್ಲ; ಆ ಶಿಷ್ಯನಿಗೆ, ಆ ಕಾಲಕ್ಕೆ ಹೊಂದಿದ ಭಾಗ ಮಾತ್ರ. ಹರೆಯದ ಹುಡುಗನಿಗೆ ಕೊಟ್ಟದ್ದು ಬೇರೆ, ದುಡಿದು ದಣಿದ ಮಧ್ಯವಯಸ್ಕನಿಗೆ ಕೊಟ್ಟದ್ದು ಬೇರೆ. ಹಾಗಾದರೆ ಉಳಿದ ಭಾಗವೆಲ್ಲಿದೆ? ಸಹಪಾಠಿಯ ಬಳಿಯಲ್ಲಿದೆ, ಸಹಾಧ್ಯಾಪಕನ ಬಳಿಯಲ್ಲಿದೆ. ಆದುದರಿಂದ ಅವನಲ್ಲಿ ಕಲಿಯುವುದು ಗುರುದ್ರೋಹವಲ್ಲ. ಹಂಚಿಹೋದ ಗುರುವನ್ನು ಮತ್ತೆ ಪೂರ್ಣವಾಗಿ ಕಾಣುವ ಉಪಾಯ.

‘ಹತ್ತು ಕಡೆ ಅಗೆದವನಿಗೆ ಎಲ್ಲಿಯೂ ನೀರು ಸಿಗದು’ ಎಂಬ ಆಕ್ಷೇಪವಿದೆ. ಅದು ತಿರಸ್ಕರಿಸತಕ್ಕ ಮಾತಲ್ಲ. ತಿಂಗಳಿಗೊಂದು ಪದ್ಧತಿಯನ್ನು ಹಿಡಿದು ಬಿಡುವವನಿಗೆ ಯಾವ ಸಾಧನೆಯೂ ಕೈಗೂಡದು. ಆದರೆ ತನ್ನ ಬಾವಿಯನ್ನು ಬಿಡುವುದು ಬೇರೆ. ಬಂಡೆ ಅಡ್ಡಬಂದಾಗ ನೆರೆಯವನು ಅದನ್ನು ಹೇಗೆ ಸೀಳಿದನೆಂದು ಕೇಳಿಬಂದು ತನ್ನ ಬಾವಿಯನ್ನೇ ಆಳಗೊಳಿಸುವುದು ಬೇರೆ. ನಿಷ್ಠೆಯುಳ್ಳವನು ಮಾತ್ರವೇ ಹೀಗೆ ಕೇಳಬಲ್ಲ. ಹಾಗೆಯೇ, ಕಂಡದ್ದನ್ನೆಲ್ಲ ಸ್ವೀಕರಿಸಬೇಕೆಂದೂ ಇಲ್ಲ. ಭಾಗವತದ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಭೂಮಿಯಿಂದ ತಾಳ್ಮೆಯನ್ನು ಕಲಿತನು. ದೀಪಕ್ಕೆ ಬಿದ್ದ ಪತಂಗದಿಂದ ಏನನ್ನು ಮಾಡಬಾರದೆಂಬುದನ್ನು ಕಲಿತನು.

ಈ ವಿಚಾರ ಕೇವಲ ವೇದಾಂತದ್ದಲ್ಲ. ಮಹಾನಗರದ ಯೋಗವರ್ಗಕ್ಕೆ ದಿನವೆಲ್ಲ ಮೇಜಿನ ಮುಂದೆ ಕುಳಿತವರು, ಮಂಡಿ ಸವೆದವರು, ರಕ್ತದೊತ್ತಡವುಳ್ಳವರು ಬರುತ್ತಾರೆ. ಆರೋಗ್ಯವಂತನಿಗೆ ಹಿತವಾದ ಶೀರ್ಷಾಸನ ರಕ್ತದೊತ್ತಡ ಏರಿದವನಿಗೆ ಅಪಾಯವನ್ನು ತರಬಹುದು. ಇದನ್ನು ಬಲ್ಲ ಇನ್ನೊಬ್ಬ ಶಿಕ್ಷಕನನ್ನೋ ವೈದ್ಯನನ್ನೋ ಕೇಳಲು ಸಂಕೋಚಪಟ್ಟರೆ, ಅಧ್ಯಾಪಕನ ಅಹಂಕಾರದ ಬೆಲೆಯನ್ನು ತೆರುವುದು ನಂಬಿ ಬಂದವನ ದೇಹ. ‘ಇದು ನನಗೆ ತಿಳಿಯದು, ಅವರು ಬಲ್ಲರು, ಬನ್ನಿ ಹೋಗೋಣ’ ಎಂಬ ಉದ್ದಾಲಕನ ನಡೆ ಆಗ ಸೌಜನ್ಯವಾಗಿ ಉಳಿಯುವುದಿಲ್ಲ. ಕರ್ತವ್ಯವಾಗುತ್ತದೆ, ಅಹಿಂಸೆಯೇ ಆಗುತ್ತದೆ. ಯಮಗಳಲ್ಲಿ ಮೊದಲನೆಯದು ಅಹಿಂಸೆಯಲ್ಲವೆ?

ವಿದ್ಯೆಯಲ್ಲಿ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದ ಕಾಲುಭಾಗ ಕಾಲಕ್ರಮದಿಂದ ಬರುವುದೆಂದು ಹಿರಿಯರು ಎಣಿಸಿದ್ದಾರೆ. ಅನೇಕರು ಮೊದಲೆರಡನ್ನು ಗಳಿಸಿ, ನಾಲ್ಕನೆಯದನ್ನು ಕಾಯುತ್ತ ಕೂರುತ್ತಾರೆ. ಮೂರನೆಯದನ್ನು ಕೇಳಲು ನಾಲಿಗೆ ಏಳುವುದಿಲ್ಲ. ವಿಜಯದಶಮಿಯು ಮಕ್ಕಳಿಗೆ ಅಕ್ಷರಾಭ್ಯಾಸದ ದಿನ. ಕಲಿಸುವವರಿಗೂ ಅದು ಹೊಸದಾಗಿ ಕಲಿಯತೊಡಗುವ ದಿನವಾದರೆ, ನೆರೆಯವನ ಬಾಗಿಲನ್ನು ತಟ್ಟುವ ಧೈರ್ಯವನ್ನು ತಾಯಿ ಶಾರದೆಯು ಅನುಗ್ರಹಿಸಿದರೆ, ಅದಕ್ಕಿಂತ ಹಿರಿದಾದ ವಿಜಯವು ಬೇರೊಂದಿಲ್ಲ.